ಗೋಡೆಯಿಂದ ಹಾರಿದ ಟೈಮ್‌ಟೇಬಲ್

ಬಿ.ಎಸ್ಸಿ. ಓದುವ ಇಂಚರಳ ಕೋಣೆಯ ಗೋಡೆಗೆ ಏಳು ಬಣ್ಣದ ಹೊಸ ಟೈಮ್‌ಟೇಬಲ್ ಅಂಟಿಕೊಂಡಿತು. ಅಂಟಿದ್ದೇ ತಡ, ಮೇಜಿನ ಮೇಲೆ ಬಿಚ್ಚಿ ಬಿದ್ದಿದ್ದ ಭೌತಶಾಸ್ತ್ರದ ಪುಸ್ತಕಕ್ಕೆ ಹೇಳಿತು: "ಅಕ್ಕಾ, ನಾಳೆ ಬೆಳಿಗ್ಗೆ ಐದಕ್ಕೆ ನಿಮ್ಮ ಸರದಿ. ಕೆಂಪು ಬಣ್ಣದಲ್ಲೇ ಬರೆದಿದ್ದಾಳೆ ನೋಡಿ."

"ನಿನಗಿಂತ ಮುಂಚೆ ಬಂದ ಐದು ಜನರೂ ಹೀಗೇ ಕುಣಿದಿದ್ದರು ತಂಗಿ," ಎಂದಿತು ಪುಸ್ತಕ. "ಎಲ್ಲರೂ ಈಗ ಕಸದ ಬುಟ್ಟಿಯಲ್ಲಿದ್ದಾರೆ."

ಮರುದಿನ ಇಂಚರ ಎದ್ದಾಗ ಏಳೂವರೆ. ಗೋಡೆ ನೋಡಿ, "ಛೆ, ಇವತ್ತಿನ ದಿನ ಹಾಳಾಯ್ತು. ಸೋಮವಾರದಿಂದ ಬೇರೆ ಟೈಮ್‌ಟೇಬಲ್ ಹಾಕ್ತೀನಿ," ಎಂದು ಸ್ಕೆಚ್ ಪೆನ್ನುಗಳಿಗೆ ಕೈ ಚಾಚಿದಳು.

ಟೈಮ್‌ಟೇಬಲ್‌ಗೆ ಜೀವವೇ ಹೋದಂತಾಯಿತು. ಅದು ಅಂಟು ಕಿತ್ತುಕೊಂಡು ಹಾರಿ, ಪೆನ್ನುಗಳನ್ನೆಲ್ಲ ಮಂಚದಡಿಗೆ ಉರುಳಿಸಿ, ಪುಸ್ತಕದ ಮೇಲೆ ಬೋರಲು ಬಿತ್ತು. ಎತ್ತಲು ಬಗ್ಗಿದ ಇಂಚರ ಪುಟದಲ್ಲಿ ಕಂಡ ಒಂದು ಸಾಲು ಓದಿದಳು. ಅರ್ಥವಾಗಲಿಲ್ಲ. ಅದರ ಹಿಂದಿನ ಸಾಲನ್ನೂ ಓದಿದಳು. ಆಮೇಲೆ ಕುರ್ಚಿ ಎಳೆದುಕೊಂಡು, ಪೆನ್ಸಿಲ್ ಹಿಡಿದು, ಟೈಮ್‌ಟೇಬಲ್‌ನ ಬೆನ್ನ ಮೇಲೇ ಲೆಕ್ಕ ಬಿಡಿಸತೊಡಗಿದಳು.

"ಅಕ್ಕಾ, ಬೆನ್ನೆಲ್ಲ ಕಚಗುಳಿ," ಎಂದು ಟೈಮ್‌ಟೇಬಲ್ ನಗು ತಡೆಯಲಾರದೆ ಹೊರಳಾಡಿತು. "ಐದು ಗಂಟೆಗೆ ಓದಬೇಕಿದ್ದದ್ದನ್ನು ಏಳೂವರೆಗೆ ಓದಿದರೂ ನಡೆಯುತ್ತದಾ?"

"ಅಲುಗಾಡಬೇಡ ಸುಮ್ನಿರೇ," ಎಂದಿತು ಪುಸ್ತಕ. "ಅವಳು ಓದ್ತಿದ್ದಾಳೆ."