ಅರಮನೆಯ ವೈಫೈಗೆ ಬಿದ್ದ ಕನ್ನ

"ಕೇಳಿರಿ, ಮಿಂಚುಗಲ್ಲಿನ ಪ್ರಜೆಗಳೇ! ಶತ್ರುಗಜಸಿಂಹ, ಶತ್ರುಗಜಸಿಂಹ, ಶತ್ರುಗಜಸಿಂಹ ಮಲ್ಲರಸ ಮಹಾಸ್ವಾಮಿಯವರ ಅಪ್ಪಣೆ! ಅರಮನೆಯ ವೈಫೈಗೆ ಯಾರೋ ಕನ್ನ ಹಾಕಿದ್ದಾರೆ. ಕಳ್ಳ ಒಳಬಂದ ದಾರಿಯನ್ನು ರಾಜಕುಮಾರಿ ಪದ್ಮಲೆಯವರು ಮೂರು ಒಗಟಾಗಿ ಕಟ್ಟಿದ್ದಾರೆ. ಬಿಡಿಸಿದವರಿಗೆ ಕೇಳಿದ್ದು ಸಿಗುವುದು. ತಪ್ಪಿದವರ ತಲೆ ಹೋಗುವುದು. ಶುಕ್ರವಾರದೊಳಗೆ ಯಾರೂ ಬಿಡಿಸದಿದ್ದರೆ ವೈಫೈ ಹಾಕಿಕೊಟ್ಟ ಜವರಯ್ಯನಿಗೆ ಗಲ್ಲು!"

ಡಂಗುರದವನು ನುಂಗಿಕೊಂಡದ್ದನ್ನು ನಾನು ಹೇಳುತ್ತೇನೆ. ಕಳುವಾದದ್ದು ಹೊನ್ನಲ್ಲ, ವಜ್ರವಲ್ಲ, ಒಂದು ಫೋಟೋ. ಅರಸರು ಕನ್ನಡಿಯ ಮುಂದೆ ಕೂತು ಕಟ್ಟುಮೀಸೆ ಅಂಟಿಸಿಕೊಳ್ಳುತ್ತಿದ್ದ ಫೋಟೋ. ಅದು ಅರಮನೆಯ ಕಂಪ್ಯೂಟರಿನಿಂದ ಹೊರಬಿದ್ದು ಒಂದೇ ಬೆಳಗಿನಲ್ಲಿ ಊರವರೆಲ್ಲರ ಮೊಬೈಲಿಗೆ ಹೋಯಿತು. ಊರು ಬಿದ್ದು ಬಿದ್ದು ನಕ್ಕಿತು. ನಕ್ಕವರನ್ನೆಲ್ಲ ನೇತುಹಾಕಲು ನಾಡಿನಲ್ಲಿ ಅಷ್ಟು ಹಗ್ಗವಿರಲಿಲ್ಲ, ಅದಕ್ಕೆ ತಂತಿ ಎಳೆಯುವ ಜವರಯ್ಯನನ್ನು ಹಿಡಿದು ತಂದರು. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ದೊರೆಯ ಕೋಪವೂ ಬಡವನ ಕೊರಳಿಗೇ ಮೂಲ, ನೋಡಿ.

ರಾಜಕುಮಾರಿಗೆ ನಿಜ ಗೊತ್ತಿತ್ತು. ಎರಡು ಸಲ ಅಪ್ಪನಿಗೆ ನೇರವಾಗಿ ಹೇಳಿಯೂ ಇದ್ದಳು. ಅರಸರು ಕೇಳಿಸಿಕೊಳ್ಳಲಿಲ್ಲ. ಆಗ ಆಕೆ ಒಗಟು ಕಟ್ಟಿ, ಉತ್ತರಗಳನ್ನು ಬರೆದು, ಅರಗಿನ ಮುದ್ರೆ ಒತ್ತಿ ಕೈಯಲ್ಲಿಟ್ಟುಕೊಂಡಳು.

ಶುಕ್ರವಾರ ಸಭೆ ತುಂಬಿತು. ಜವರಯ್ಯನಿಗೆ ಸಂಕೋಲೆ ಹಾಕಿ ಕಂಬಕ್ಕೆ ಕಟ್ಟಿ ನಿಲ್ಲಿಸಿದ್ದರು. ಪದ್ಮಲೆ ಮೊದಲ ಒಗಟು ಹೇಳಿದಳು: "ಏಳು ಸುತ್ತಿನ ಕೋಟೆಯನ್ನು ಬಾಗಿಲು ತೆರೆಯದೆ ದಾಟುತ್ತಾಳೆ. ಒಳಮನೆಯಲ್ಲಿ ಬಡಕಲು, ಬೀದಿಯಲ್ಲಿ ಮೈತುಂಬಿಕೊಂಡಿರುತ್ತಾಳೆ. ಯಾರವಳು? ಅವಳನ್ನು ಬೀದಿಗೆ ಬಿಟ್ಟವರು ಯಾರು?"

ಆಸ್ಥಾನ ಪಂಡಿತರು ಶಾಲು ಸರಿಮಾಡಿಕೊಂಡು ಎದ್ದರು. "ಕೀರ್ತಿ! ಮಹಾಸ್ವಾಮಿಯವರ ಕೀರ್ತಿ!"

"ತಪ್ಪು," ಅಂದಳು ಪದ್ಮಲೆ. ಭಟರು ಪಂಡಿತರನ್ನು ಜವರಯ್ಯನ ಪಕ್ಕಕ್ಕೆ ಎಳೆದರು. ನೆರೆನಾಡಿನ ಯುವರಾಜ ಮಲ್ಲಿಗೆಯ ಪರಿಮಳ ಅಂದ. ಅವನನ್ನೂ ಎಳೆದರು. ಆಮೇಲೆ ಯಾರೂ ಏಳಲಿಲ್ಲ.

"ನಾನು ಹೇಳ್ತೀನಿ," ಎಂದು ಹಿಂದಿನಿಂದ ಒಂದು ದನಿ ಬಂತು. ಜವರಯ್ಯನ ಮಗಳು ಚಿಕ್ಕತಾಯಿ. ಅಪ್ಪನ ಜೊತೆ ಕಂಬ ಹತ್ತಿ ಅಂಗೈ ಗಡುಸಾದವಳು. ಸೊಂಟದಲ್ಲಿ ಇನ್ನೂ ಇಕ್ಕಳ ಸಿಕ್ಕಿಸಿಕೊಂಡಿದ್ದಳು. ಅವಳು ಅರಸರ ಕಡೆ ತಿರುಗಿದಳು.

"ಅದು ವೈಫೈ ಅಲೆ, ಬುದ್ಧಿ. ವೈಫೈ ಪೆಟ್ಟಿಗೇನ ನಡುಮನೇಲಿಡೋಣ ಅಂದ ನಮ್ಮಪ್ಪ. ಬಂದೋರ್ಗೆಲ್ಲ ಕಾಣ್ಲಿ ಅಂತ ಹೂವಿನ ಹಾರ ಹಾಕಿ ಹೆಬ್ಬಾಗ್ಲಿಗೆ ನೇತುಹಾಕ್ಸಿದ್ದು ನೀವು. ಒಳಗೆ ರಾಣಿಯೋರ್ಗೆ ಸಿಗ್ನಲ್ ಸಿಗಾಕಿಲ್ಲ, ಎದುರುಗಡೆ ಬೋಂಡದಂಗಡಿಗೆ ಪೂರ್ತಿ ಸಿಗ್ತದೆ."

ಅರಸರು ಹಲ್ಲು ಕಡಿದರು. "ಎರಡನೆಯದು!"

"ಒಬ್ಬ ಕಮ್ಮಾರ ಸಾವಿರ ಬೀಗ ಮಾಡಿ ಸಾವಿರಕ್ಕೂ ಒಂದೇ ಕೀಲಿ ಕೊಟ್ಟ. ಮನೆಗೆ ಒಯ್ದ ಕೂಡಲೇ ಬದಲಿಸಿಕೊಳ್ಳಿ ಎಂದು ಚೀಟಿಯನ್ನೂ ಇಟ್ಟ. ಒಬ್ಬ ಬದಲಿಸಲಿಲ್ಲ. ಅವನು ಏನೆಂದ?" ಎಂದು ಕೇಳಿದಳು ಪದ್ಮಲೆ.

"ಆ ಪೆಟ್ಟಿಗೆ ಸೆಟ್ಟಿಂಗ್ ತೆಗೆಯೋಕೆ ಕಾರ್ಖಾನೆಯೋರು ಕೊಟ್ಟ ಪಾಸ್‌ವರ್ಡು ಅದು. ಆ ತರದ ಪೆಟ್ಟಿಗೆ ಇಟ್ಕೊಂಡೋರ್ಗೆಲ್ಲ ಗೊತ್ತು. ಬದಲಿಸ್ತೀನಿ ಅಂತ ನಮ್ಮಪ್ಪ ಕೈ ಹಾಕ್ದಾಗ ನೀವು ಏನಂದ್ರಿ? 'ಅರಮನೆಗೆ ಬಂದ ವಸ್ತುವನ್ನು ಬದಲಿಸಲು ನೀನ್ಯಾವನೋ' ಅಂದ್ರಿ. ನಾನು ಏಣಿ ಮೇಲಿದ್ದೆ. ನನ್ನ ಕಿವಿ ನೆಟ್ಟಗಿತ್ತು."

ಸಭೆಯಲ್ಲಿ ಯಾರೋ ಕೆಮ್ಮಿ ನಗು ಮುಚ್ಚಿಕೊಂಡರು. ಪದ್ಮಲೆ ಮೂರನೆಯದನ್ನು ಹೇಳಿದಳು. "ಒಂದು ಗುಟ್ಟಿದೆ. ಅದನ್ನು ದಿನಕ್ಕೆ ಮೂರು ಹೊತ್ತು ಕಹಳೆ ಊದಿ ಊರಿಗೆಲ್ಲ ಕೂಗುತ್ತಾರೆ. ಅದು ಇನ್ನೂ ಗುಟ್ಟೇ ಎಂದು ನಂಬಿರುವವನು ನಾಡಿಗೊಬ್ಬನೇ. ಗುಟ್ಟು ಯಾವುದು? ಆ ಒಬ್ಬ ಯಾರು?"

ಸಭೆಯ ತಲೆಗಳೆಲ್ಲ ಒಟ್ಟಿಗೆ ಬಗ್ಗಿದವು. ಗೊತ್ತಿಲ್ಲದೆ ಬಗ್ಗಿದವಲ್ಲ, ಗೊತ್ತಿದ್ದೇ ಬಗ್ಗಿದವು. ಉತ್ತರ ಹೇಳಬೇಕಾದರೆ ಸಿಂಹಾಸನಕ್ಕೆ ಬೆರಳು ತೋರಬೇಕು. ಆ ನಾಡಿನಲ್ಲಿ ಹಾಗೆ ಬೆರಳು ತೋರಿದವರು ಯಾರೂ ಉಳಿದಿರಲಿಲ್ಲ.

"ಬ್ಯಾಡ ಕಣವ್ವ," ಎಂದು ಜವರಯ್ಯ ಕೂಗಿದ. "ಗೊತ್ತಿಲ್ಲ ಅಂದು ಕಾಲಿಗೆ ಬೀಳು. ನಾನು ಹೋದ್ರೂ ಹೋಗ್ಲಿ, ನೀನು ಬದುಕ್ಕೊ!"

ಮಾಡದ ತಪ್ಪಿಗೆ ಸಾಯಲು ಅಪ್ಪ ತಯಾರಾಗಿ ನಿಂತಿದ್ದ. ಚಿಕ್ಕತಾಯಿ ಸಿಂಹಾಸನದ ಮೆಟ್ಟಿಲವರೆಗೂ ನಡೆದು ತೋರುಬೆರಳನ್ನು ನೆಟ್ಟಗೆ ಎತ್ತಿದಳು.

"ಆ ಒಬ್ರು ನೀವೇ, ಬುದ್ಧಿ. ನಿಮ್ಮ ವೈಫೈ ಪಾಸ್‌ವರ್ಡು ನಿಮ್ಮ ಬಿರುದು. ಶತ್ರುಗಜಸಿಂಹ. ಬೋಂಡ ತಿನ್ನೋಕೆ ಬಂದ ಯಾವನೋ ಕಹಳೆ ಕೇಳಿ ಒತ್ತಿ ನೋಡ್ದ. ವೈಫೈ ತೆರ್ಕೊಳ್ತು. ಅಲ್ಲಿಂದ ಕಾರ್ಖಾನೆ ಪಾಸ್‌ವರ್ಡು ಒತ್ತಿ ನಿಮ್ಮ ಕಂಪ್ಯೂಟರ್‌ವರೆಗೂ ಹೋದ."

"ಕಡಿಯಿರಿ ಇವಳ ತಲೆ!" ಎಂದು ಅರಸರು ಎದ್ದು ಅಬ್ಬರಿಸಿದರು. ಆ ರಭಸಕ್ಕೆ ಎಡಗಡೆಯ ಮೀಸೆ ಅರ್ಧ ಕಿತ್ತುಬಂತು.

"ಕಡೀರಿ," ಅಂದಳು ಚಿಕ್ಕತಾಯಿ. "ನನ್ನ ತಲೆ ಹೋದ್ರೆ ನಿಮ್ಮ ಪಾಸ್‌ವರ್ಡು ಗಟ್ಟಿಯಾಗಾಕಿಲ್ಲ. ಸಂಜೆ ಮತ್ತೆ ಕಹಳೆ ಊದ್ತಾರೆ."

ಕತ್ತಿ ಹಿಡಿದವನು ಅಲುಗಾಡಲಿಲ್ಲ. ಪದ್ಮಲೆ ಮುದ್ರೆ ಒಡೆದು ಓದಿದಳು. ಮೂರಕ್ಕೂ ಚಿಕ್ಕತಾಯಿ ಹೇಳಿದ್ದೇ ಉತ್ತರ. ಡಂಗುರ ಸಾರಿಸಿದ ಮಾತನ್ನು ಇಡೀ ಊರಿನ ಮುಂದೆ ನುಂಗುವಷ್ಟು ಧೈರ್ಯ ಮಲ್ಲರಸರಿಗೂ ಇರಲಿಲ್ಲ. "ಏನು ಬೇಕು, ಕೇಳು," ಅಂದರು.

"ನಮ್ಮಪ್ಪನ್ನ ಬಿಡಿ. ಪಂಡಿತ್ರನ್ನ, ಆ ಯುವರಾಜನ್ನೂ ಬಿಡಿ. ಹೊಸ ಪಾಸ್‌ವರ್ಡು ನಾನೇ ಹಾಕ್ತೀನಿ."

ಸಂಕೋಲೆ ಬಿಚ್ಚಿದ ಮೇಲೆ ಅಪ್ಪ ಏಣಿ ಹಿಡಿದ, ಮಗಳು ಹತ್ತಿದಳು. ಪೆಟ್ಟಿಗೆ ನಡುಮನೆಗೆ ಬಂತು. ಕಾರ್ಖಾನೆಯ ಪಾಸ್‌ವರ್ಡು ಹೋಯಿತು. ಬಂದುಹೋಗುವವರಿಗೆ ಬೇರೆಯದೇ ಒಂದು ಸಣ್ಣ ವೈಫೈ ಆಯಿತು. ಕೊನೆಗೆ ಅರಸರ ಹೊಸ ವೈಫೈ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅವರೊಬ್ಬರಿಗೇ ತೋರಿಸಿದಳು. ಅರಸರ ಮುಖ ಕೆಂಪಾಯಿತು.

"ಇದನ್ನು ನಾನು ಬರೆಯಬೇಕೇ?"

"ಪಾಸ್‌ವರ್ಡು ಉದ್ದವಿರ್ಬೇಕು, ಯಾರೂ ಊಹಿಸ್ಬಾರ್ದು, ಬುದ್ಧಿ. ಈ ಮಾತು ನಿಮ್ಮಿಂದ ಬರ್ತದೆ ಅಂತ ಈ ನಾಡಲ್ಲಿ ಒಬ್ರೂ ಊಹಿಸಾಕಿಲ್ಲ." ಅವಳು ಚೀಟಿಯನ್ನು ದೀಪಕ್ಕೆ ಹಿಡಿದಳು. ಅರಸರ ಮೊಬೈಲು ಪಾಸ್‌ವರ್ಡನ್ನು ತಾನೇ ನೆನಪಿಟ್ಟುಕೊಳ್ಳದ ಹಾಗೆ ಮಾಡಿಟ್ಟು, ಅಪ್ಪನ ಕೈ ಹಿಡಿದು ಮನೆಗೆ ಹೋದಳು.

ಆ ಪಾಸ್‌ವರ್ಡು ಈಗ ಬದಲಾಗಿದೆ, ಹೇಳಿದರೆ ಅಡ್ಡಿಯಿಲ್ಲ. ಒಂದು ವರ್ಷ ಪೂರ್ತಿ, ದಿನಾ ಬೆಳಿಗ್ಗೆ, ಹೊರಗೆ ಕಹಳೆಯವರು ಶತ್ರುಗಜಸಿಂಹ ಎಂದು ಕೂಗುತ್ತಿರುವಾಗ, ಒಳಗೆ ಮಲ್ಲರಸರು ತಮ್ಮ ಬೆರಳಿನಿಂದಲೇ ಒಂದೊಂದಾಗಿ ಒತ್ತುತ್ತಿದ್ದ ಅಕ್ಷರಗಳು ಇವು: ತಪ್ಪು ನನ್ನದೇ, ಜವರಯ್ಯನದಲ್ಲ.