ಮುಂಗುಸಿಯ ಮೊದಲ ಬೈಕು

ನಾಲ್ಕು ದಿನದ ಹಿಂದಷ್ಟೇ ಬೈಕು ಕಲಿತಿದ್ದ ಮುಂಗುಸಿಯೊಂದು ಆಮೆಯ ಅಂಗಡಿಗೆ ಬಂದು, ಅಲ್ಲಿದ್ದವುಗಳಲ್ಲೇ ಅತಿ ದೊಡ್ಡದನ್ನು ತೋರಿಸಿತು.

"ಮೊದಲು ಹತ್ತಿ ಕೂತು, ಎರಡೂ ಕಾಲು ನೆಲಕ್ಕೂರಿ ನೋಡಿ ಸ್ವಾಮಿ" ಎಂದಿತು ಆಮೆ.

"ನಾನು ಕೊಳ್ಳುತ್ತಿರುವುದು ಓಡಿಸಲಿಕ್ಕೆ, ಕಾಲೂರಿ ನಿಲ್ಲಲಿಕ್ಕಲ್ಲ. ಇದರ ಸದ್ದಿಗೇ ಹಾವುಗಳು ದಾರಿ ಬಿಡಬೇಕು."

"ಆ ಚಿಕ್ಕದು ನಿಮ್ಮ ಕಾಲಿಗೆ ಸರಿಹೋಗುತ್ತದೆ."

"ಅದರ ಮೇಲೆ ಕೂತರೆ ಹಾವುಗಳು ನಗುತ್ತವೆ ಕಣಯ್ಯಾ!"

ಆಮೆ ದೊಡ್ಡ ಬೈಕಿಗೆ ಹಾರ ಹಾಕಿ, ಕುಂಕುಮವಿಟ್ಟು, ಮುಂದಿನ ಚಕ್ರದಡಿ ನಿಂಬೆಹಣ್ಣು ಇರಿಸಿತು. ನೋಡಲು ಹಾವುಗಳೂ ಬಂದು ಸೇರಿದವು. ಮುಂಗುಸಿ ಗತ್ತಿನಿಂದ ನಿಂಬೆಹಣ್ಣನ್ನು ಜಜ್ಜಿ ಮುಂದೆ ಬಂತು. ಮಂಗಳಾರತಿ ತೆಗೆದುಕೊಳ್ಳಲೆಂದು ಬ್ರೇಕು ಹಿಡಿಯಿತು. ಕಾಲು ನೆಲಕ್ಕೆ ಎಟುಕಲಿಲ್ಲ. ಬೈಕು ನಿಧಾನವಾಗಿ ವಾಲಿ, ಮುಂಗುಸಿಯ ಕಾಲಿನ ಮೇಲೆಯೇ ಮಲಗಿತು.

"ಇಷ್ಟು ಬಲ ಇಟ್ಟುಕೊಂಡು ನಿಂತಲ್ಲೇ ಬಿದ್ದೆಯಲ್ಲೋ!" ಎಂದು ಮುಂಗುಸಿ ಅಡಿಯಿಂದಲೇ ಬೈಯಿತು.

"ಓಡುವಾಗ ನಿಮ್ಮನ್ನು ಹೊರುವುದು ನನ್ನ ಕೆಲಸ" ಎಂದಿತು ಬೈಕು. "ನಿಂತಾಗ ನನ್ನನ್ನು ಹೊರುವುದು ನಿಮ್ಮದು."