ಅಕ್ಕನಿಗಿಂತ ಮೊದಲು ಅರಳಿದ ಹೊನ್ನಿ

ಲೋಕ ಆಗಷ್ಟೇ ತಯಾರಾಗಿತ್ತು. ಬೆಟ್ಟಗಳ ಮೈಮೇಲಿನ ಮಣ್ಣು ಇನ್ನೂ ಹಸಿಯಾಗಿತ್ತು. ಯಾವ ಕಡೆ ಹರಿಯಬೇಕು ಎಂಬುದು ನದಿಗಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಆದ್ದರಿಂದ ಅವು ದಾರಿಯಲ್ಲಿ ಸಿಕ್ಕ ಕಲ್ಲುಗಳನ್ನು ಕೇಳಿಕೊಂಡು ಹರಿಯುತ್ತಿದ್ದವು. ಕಲ್ಲುಗಳೂ ದಾರಿ ಹೇಳುತ್ತಿದ್ದವು. ಆಗ ಎಲ್ಲರಿಗೂ ಮಾತು ಬರುತ್ತಿತ್ತು.

ಬಡಗು ದಿಕ್ಕಿನಲ್ಲಿ, ಹಿಮದ ಬೆಟ್ಟದ ಬುಡದಲ್ಲಿ ಒಂದು ತೋಟವಿತ್ತು. ಹಿಮ ಎಂದರೆ ಆಕಾಶದಿಂದ ಹಿಂಜಿದ ಅರಳೆಯ ಹಾಗೆ ಉದುರುವ ತಣ್ಣನೆಯ ಬಿಳಿ ಪುಡಿ. ನಮ್ಮ ಕಡೆ ಅದು ಬೀಳುವುದಿಲ್ಲ. ಅಲ್ಲಿ ಚಳಿಗಾಲವೆಲ್ಲ ಬೀಳುತ್ತದೆ, ನೆಲವನ್ನು ಮುಚ್ಚಿಬಿಡುತ್ತದೆ, ಚಳಿ ಕಳೆದ ಮೇಲೆ ಕರಗಿ ನೀರಾಗುತ್ತದೆ.

ಆ ತೋಟ ದ್ಯಾಮಜ್ಜಿಯದು. ಲೋಕದಲ್ಲಿ ಮೊಟ್ಟಮೊದಲು ಗಿಡ ನೆಟ್ಟವಳು ಅವಳೇ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೈಯಲ್ಲಿ ಕುರ್ಪಿ ಹಿಡಿದು, ದಿನವೆಲ್ಲ ಬಗ್ಗಿಯೇ ಇರುತ್ತಿದ್ದಳು. ಕುರ್ಪಿ ಎಂದರೆ ಕಳೆ ಕೀಳುವ ಸಣ್ಣ ಆಯುಧ.

ಒಂದು ದಿನ ಅಜ್ಜಿ ಮಡಿಲಲ್ಲಿ ಐದು ಗಡ್ಡೆಗಳನ್ನು ತಂದಳು. ಅವು ನೋಡಲು ಸಣ್ಣ ಈರುಳ್ಳಿಯ ಹಾಗಿದ್ದವು, ಆದರೆ ಈರುಳ್ಳಿಯಲ್ಲ. ಆ ಹೂವಿನ ಕುಲಕ್ಕೆ ಈಗ ಕ್ರೋಕಸ್ ಎನ್ನುತ್ತಾರೆ. ಐವರೂ ಅಕ್ಕತಂಗಿಯರು. ಎಲ್ಲರಿಗಿಂತ ದೊಡ್ಡವಳು ಕೇಸರಿ. ಆಮೇಲೆ ನೇರಳೆ ಬಣ್ಣದ ನೀಲವ್ವ, ಬಿಳಿ ಬಣ್ಣದ ಬೆಳ್ಳವ್ವ, ಮೈಮೇಲೆ ಗೆರೆಗಳಿದ್ದ ಗೀರಿ. ಕೊನೆಯವಳು ಹೊನ್ನಿ. ಅವಳ ಬಣ್ಣ ಹಳದಿ. ಆದರೆ ಇನ್ನೂ ಯಾರೂ ಅರಳಿರಲಿಲ್ಲವಾದ್ದರಿಂದ ಈ ಬಣ್ಣಗಳನ್ನು ಯಾರೂ ನೋಡಿರಲಿಲ್ಲ.

ಅಜ್ಜಿ ದೊಡ್ಡವಳನ್ನು ಆಳವಾಗಿ ನೆಟ್ಟಳು. ಚಿಕ್ಕವಳನ್ನು ಮೇಲೆಯೇ ನೆಟ್ಟಳು, ಯಾಕೆಂದರೆ ಚಿಕ್ಕ ಗಡ್ಡೆಗೆ ಹೆಚ್ಚು ಮಣ್ಣು ಹೊರುವ ಶಕ್ತಿ ಇರುವುದಿಲ್ಲ. ಮಣ್ಣು ಮುಚ್ಚಿ, ಕೈ ಕೊಡವಿಕೊಂಡು ಹೇಳಿದಳು:

"ಕೇಳ್ರೇ ಹುಡುಗೀರಾ. ನಮ್ಮನೇಲಿ ಒಂದು ಪದ್ಧತಿ ಐತೆ. ಅಕ್ಕ ಹೊಸಿಲು ದಾಟೋ ತನಕ ತಂಗಿ ದಾಟೋ ಹಂಗಿಲ್ಲ. ಮೊದಲು ಕೇಸರಿ ಅರಳಬೇಕು, ಆಮೇಲೆ ನೀವು. ತಪ್ಪಿದೋಳನ್ನ ಕಿತ್ತು ಬೇಲಿ ಆಚೆಗೆ ಎಸೀತೀನಿ."

"ಆಗಲಿ ಅಜ್ಜಿ" ಅಂದರು ಐವರೂ.

ಗಾಳಿ ಅಲ್ಲೇ ನಿಂತು ಇದನ್ನು ಕೇಳಿಸಿಕೊಂಡಿತು. ಮೇಲೆ ಹಿಮ ಬಿತ್ತು. ಅಕ್ಕತಂಗಿಯರು ಮಲಗಿದರು.

ಚಳಿ ಕಳೆಯುವ ಮೊದಲೇ ಹೊನ್ನಿಗೆ ಎಚ್ಚರವಾಯಿತು. ಮೇಲೆಯೇ ಇದ್ದವಳಾದ್ದರಿಂದ ಬಿಸಿಲಿನ ಶಾಖ ಅವಳಿಗೇ ಮೊದಲು ತಾಗಿತು. ಮೊಗ್ಗು ಆಗಲೇ ತಯಾರಾಗಿತ್ತು.

"ಅಕ್ಕಾ, ಎದ್ಯಾ?" ಎಂದು ಕೆಳಗೆ ಕೂಗಿದಳು.

"ಎದ್ದಿದೀನಿ ಕಣೇ. ಆದ್ರೆ ನಂದಿನ್ನೂ ಆಗಿಲ್ಲ" ಅಂದಳು ಕೇಸರಿ.

ಕೇಸರಿಗೆ ಒಂದು ದೊಡ್ಡ ಕೆಲಸವಿತ್ತು. ಅವಳು ತನ್ನ ಹೊಟ್ಟೆಯೊಳಗೆ ಎಳೆಗಳನ್ನು ಹೊಸೆಯುತ್ತಿದ್ದಳು. ಎಳೆಗೆ ಕೆಂಪು ಬಣ್ಣ ಬರಬೇಕು, ಬಣ್ಣದ ಮೇಲೆ ವಾಸನೆ ಬರಬೇಕು. ಅದು ಅವಸರಕ್ಕೆ ಆಗುವ ಕೆಲಸವಲ್ಲ. ಅವಸರ ಮಾಡಿದರೆ ಎಳೆ ಬರಿಯ ದಾರವಾಗುತ್ತದೆ, ವಾಸನೆ ಇರುವುದಿಲ್ಲ.

"ಇವಳು ಸಿಂಗಾರ ಮುಗಿಸೋ ಹೊತ್ತಿಗೆ ನಮಗೆ ಮುಪ್ಪು ಬರತ್ತೆ" ಅಂದಳು ಗೀರಿ.

"ಸುಮ್ನಿರೇ, ಮೈತುಂಬಾ ಗೆರೆ ಎಳ್ಕೊಂಡಿರೋಳು ನೀನು ಸಿಂಗಾರದ ಮಾತಾಡ್ತೀಯಾ?" ಅಂದಳು ನೀಲವ್ವ. ಬೆಳ್ಳವ್ವ ನಕ್ಕಳು. ಕೇಸರಿ ಮಾತ್ರ ಹೊಸೆಯುತ್ತಲೇ ಇದ್ದಳು.

ಹೊನ್ನಿ ಕಾದಳು. ಅಷ್ಟರಲ್ಲಿ ಅವಳ ತಲೆಯ ಮೇಲಿನ ಹಿಮಕ್ಕೆ ಏನೋ ಬಂದು ಬಿದ್ದ ಸದ್ದಾಯಿತು. ಸದ್ದು ದೊಡ್ಡದೇನಲ್ಲ, ಹತ್ತಿಕಾಳು ಬಿದ್ದಷ್ಟು.

"ಯಾರದು?" ಎಂದು ಕೇಳಿದಳು.

"ನಾನಮ್ಮ, ದುಂಬಿ" ಎಂದಿತು ಮೇಲಿನ ದನಿ. "ಬಿಸಿಲು ನೋಡಿ ಚಳಿ ಹೋಯ್ತು ಅನ್ಕೊಂಡೆ. ಬಿಲದಿಂದ ಹೊರಗೆ ಬಂದುಬಿಟ್ಟೆ. ನೋಡಿದ್ರೆ ಎಲ್ಲೂ ಒಂದು ಹೂವಿಲ್ಲ."

"ಹಂಗಾದ್ರೆ ವಾಪಸ್ ಹೋಗಿ ಮಲ್ಕೋ ದುಂಬಿಯಮ್ಮ."

"ಹೋಗೋಕೆ ರೆಕ್ಕೆ ಆಡಬೇಕಲ್ಲ. ರೆಕ್ಕೆ ಆಡೋಕೆ ಹೊಟ್ಟೇಲಿ ಏನಾದ್ರೂ ಇರಬೇಕಲ್ಲ."

ಇಲ್ಲಿ ದುಂಬಿಗಳ ವಿಷಯ ಸ್ವಲ್ಪ ಹೇಳಬೇಕು. ಚಳಿ ಬಂದಾಗ ಆ ನಾಡಿನ ದುಂಬಿಗಳೆಲ್ಲ ಸಾಯುತ್ತವೆ. ತಾಯಿದುಂಬಿ ಮಾತ್ರ ಮಣ್ಣಿನೊಳಗೆ ಮಲಗಿ ಉಳಿಯುತ್ತದೆ. ಚಳಿ ಕಳೆದ ಮೇಲೆ ಅದು ಮೊಟ್ಟೆ ಇಟ್ಟರೆ ಮತ್ತೆ ದುಂಬಿಗಳು ಹುಟ್ಟುತ್ತವೆ. ಲೋಕ ಹೊಸದಾಗಿದ್ದರಿಂದ ಆಗ ಇದ್ದದ್ದು ಒಂದೇ ತಾಯಿದುಂಬಿ. ಅದೇ ಈಗ ಹಿಮದ ಮೇಲೆ ಬಿದ್ದಿತ್ತು. ಅದು ಸತ್ತರೆ ಲೋಕದಲ್ಲಿ ಮುಂದೆ ದುಂಬಿಯೇ ಇರುವುದಿಲ್ಲ.

ಹೊನ್ನಿ ಕೆಳಗೆ ಕೂಗಿದಳು. "ಅಕ್ಕಾ, ಮೇಲೆ ದುಂಬಿ ಸಾಯ್ತಾ ಐತೆ. ಬೇಗ ಅರಳು."

"ಅರಳೋಕೆ ನನ್ ಕೈಲಿ ಈಗ ಆಗಲ್ಲ ಕಣೇ. ಎಳೆ ಇನ್ನೂ ಬೆಳ್ಳಗೇ ಇದಾವೆ."

"ಹಂಗಾದ್ರೆ ನಾನು ಹೋಗ್ಲಾ?"

"ಅಕ್ಕನ್ನ ಬಿಟ್ಟು ಕಿರೀಳು ಎದ್ರೆ ನೋಡಿದೋರು ಏನಂತಾರೆ?" ಅಂದಳು ನೀಲವ್ವ.

"ಅಜ್ಜಿ ಕಿತ್ತು ಎಸೀತಾಳೆ. ಬೇಲಿ ಆಚೆ ಬರೀ ಬಂಡೆ. ಬೇರು ಇಳಿಯಲ್ಲ" ಅಂದಳು ಬೆಳ್ಳವ್ವ.

ಹೊನ್ನಿ ಗಾಳಿಯನ್ನು ಕರೆದಳು. "ಗಾಳಿಮಾವ, ಓಡಿಹೋಗಿ ಅಜ್ಜೀನ ಕೇಳ್ಕೊಂಡು ಬಾ. ಒಂದೇ ಒಂದು ಸಲ ನಾನು ಮೊದಲು ಏಳ್ಲಾ ಅಂತ ಕೇಳು."

ಗಾಳಿ ಹೋಯಿತು. ಆದರೆ ಅಜ್ಜಿ ಬೆಟ್ಟದ ಆಚೆ ಮಗ್ಗುಲಲ್ಲಿ ದೇವದಾರು ನೆಡುತ್ತಿದ್ದಳು. ಅಲ್ಲಿಗೆ ಹೋಗಿ ಬರುವುದು ಗಾಳಿಗೂ ದೂರವೇ. ದುಂಬಿಯ ಗುಂಯ್‌ಗುಡುವ ಸದ್ದು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ಆಮೇಲೆ ಕೇಳಿಸಲೇ ಇಲ್ಲ.

ಹೊನ್ನಿಗೆ ಬಂಡೆಯ ಭಯ ಹೋಗಿರಲಿಲ್ಲ. ಭಯ ಇಟ್ಟುಕೊಂಡೇ ಅವಳು ಮೇಲಕ್ಕೆ ತಳ್ಳಿದಳು. ಉದ್ದನೆಯ ಕಾಂಡ ಬೆಳೆಸುವಷ್ಟು ಹೊತ್ತು ಇರಲಿಲ್ಲ. ಎಲೆ ಬಿಚ್ಚುವಷ್ಟೂ ಹೊತ್ತು ಇರಲಿಲ್ಲ. ಮೊಗ್ಗನ್ನೇ ಮುಂದೆ ಮಾಡಿ, ಮಣ್ಣನ್ನು ಸೀಳಿ, ಹಿಮವನ್ನು ಸೀಳಿ, ನೆಲಕ್ಕೆ ಅಂಟಿಕೊಂಡ ಹಾಗೆಯೇ ಅರಳಿದಳು. ಬಿಳಿ ಹಿಮದ ನಡುವೆ ಒಂದು ಹಳದಿ ಬಟ್ಟಲು ಕಂಡಿತು.

ದುಂಬಿ ಪಕ್ಕದಲ್ಲೇ ಅಂಗಾತ ಬಿದ್ದಿತ್ತು. ಒಂದು ಕಾಲು ಮಾತ್ರ ಆಡುತ್ತಿತ್ತು. ಹೊನ್ನಿ ಒಂದು ಎಸಳನ್ನು ಅದರ ಕಾಲಿಗೆ ಸಿಗುವ ಹಾಗೆ ಬಾಗಿಸಿದಳು. ದುಂಬಿ ಹಿಡಿದುಕೊಂಡಿತು, ಹತ್ತಿತು, ಒಳಗೆ ಉರುಳಿತು.

"ತಿನ್ನು" ಅಂದಳು ಹೊನ್ನಿ. "ನನ್ನ ಕೀಳೋಕೆ ಮುಂಚೆ ತಿಂದುಬಿಡು."

ಮೋಡ ಬಂದು ಬಿಸಿಲು ಹೋಯಿತು. ಚಳಿ ತಾಗಬಾರದೆಂದು ಹೊನ್ನಿ ಎಸಳುಗಳನ್ನು ಮುಚ್ಚಿಕೊಂಡಳು. ದುಂಬಿ ಒಳಗೇ ಉಳಿಯಿತು.

ಆಗಲೇ ದ್ಯಾಮಜ್ಜಿ ಬಂದಳು. ಗಾಳಿ ವಿಷಯ ಹೇಳಿತ್ತು, ಆದರೆ ಏದುಸಿರಿನಲ್ಲಿ ಅರ್ಧವಷ್ಟೇ ಹೇಳಿತ್ತು. ಹೊನ್ನಿ ಮೊದಲು ಏಳುತ್ತಾಳಂತೆ ಎಂದಿತ್ತು, ಯಾಕೆ ಎಂಬುದನ್ನು ಬಿಟ್ಟಿತ್ತು.

"ಯಾವಳೇ ಅವಳು ಅಕ್ಕನ್ನ ದಾಟಿ ಎದ್ದೋಳು?" ಎಂದು ಅಜ್ಜಿ ಕುರ್ಪಿಯನ್ನು ಹೊನ್ನಿಯ ಬುಡಕ್ಕೆ ಊರಿದಳು.

"ನಾನೇ ಅಜ್ಜಿ" ಅಂದಳು ಹೊನ್ನಿ. "ದುಂಬಿ ಹಸಿದಿತ್ತು."

"ದುಂಬಿ ಹಸಿದ್ರೆ ಪದ್ಧತಿ ಕೆಡಿಸ್ತಾರೇನೇ? ಇವತ್ತು ನೀನು ಎದ್ದೆ, ನಾಳೆ ಎಲ್ರೂ ಏಳ್ತಾರೆ. ದೊಡ್ಡೋಳಿಗೆ ಯಾವ ಮರ್ಯಾದೆ?"

ಕುರ್ಪಿ ಮಣ್ಣಿಗೆ ಇಳಿಯಿತು. ಆಗ ಆಳದಿಂದ ಕೇಸರಿ ಮಾತಾಡಿದಳು. "ಅಜ್ಜಿ, ಅವಳನ್ನ ಕೀಳಬೇಡ. ಪದ್ಧತಿ ಅವಳು ಕೆಡಿಸಿಲ್ಲ."

"ಮತ್ತೆ?"

"ನಿಮ್ಮನೇಲಿ ಹಬ್ಬದ ಊಟಕ್ಕೆ ಮೊದಲು ಯಾರು ಕೂರ್ತಾರೆ?"

"ಮಕ್ಕಳು ಕೂರ್ತವೆ. ಅವಕ್ಕೆ ಹಸಿವು ತಡೆಯಲ್ವಲ್ಲ" ಅಂದಳು ಅಜ್ಜಿ.

"ಆಮೇಲೆ?"

"ಬಂದೋರು. ಆಮೇಲೆ ಮನೆಯೋರು."

"ಎಲ್ರಿಗೂ ಬಡಿಸಿ, ಎಲ್ಲರ ಎಲೆ ಎತ್ತಿ, ಕೊನೇಲಿ ಉಣ್ಣೋಳು ಯಾರು?"

ಅಜ್ಜಿ ಕುರ್ಪಿಯನ್ನು ಮಣ್ಣಿನಿಂದ ಹೊರಗೆ ತೆಗೆದಳು. ಕೊನೆಯಲ್ಲಿ ಉಣ್ಣುವವಳು ಅವಳೇ. ಯಾಕೆಂದರೆ ಆ ಮನೆಗೆ ಅವಳೇ ಹಿರಿಯಳು.

"ನಾನೂ ಹಂಗೇ ಇರ್ತೀನಿ" ಅಂದಳು ಕೇಸರಿ. "ಹೊಸಿಲು ದಾಟೋದ್ರಲ್ಲಿ ದೊಡ್ಡೋಳು ಮೊದಲು ಆಗಿರಬಹುದು. ಬಡಿಸೋದ್ರಲ್ಲಿ ದೊಡ್ಡೋಳು ಕೊನೆಗೆ. ನಾವು ಹೂಗಳು ಅರಳೋದು ಬಡಿಸೋಕೆ ತಾನೇ? ಇವರೆಲ್ಲ ಏಳಲಿ. ನನ್ನ ಕೆಲಸ ನಿಧಾನ, ನಾನು ಕಡೇಲಿ ಬರ್ತೀನಿ."

ಅಷ್ಟರಲ್ಲಿ ಮೋಡ ಸರಿಯಿತು. ಹೊನ್ನಿ ಎಸಳು ಬಿಚ್ಚಿದಳು. ಒಳಗಿಂದ ದುಂಬಿ ಎದ್ದು ಬಂತು. ಮೈಯೆಲ್ಲ ಹಳದಿ ಪುಡಿ. ರೆಕ್ಕೆ ಒಂದು ಸಲ ಆಡಿಸಿತು, ಇನ್ನೊಂದು ಸಲ ಆಡಿಸಿತು, ಅಜ್ಜಿಯ ಮೂಗಿನ ಮುಂದಿನಿಂದಲೇ ಹಾರಿಹೋಯಿತು.

ಅಜ್ಜಿ ಅದು ಹೋದ ಕಡೆ ನೋಡಿದಳು. ಆಮೇಲೆ ಬಗ್ಗಿ, ಕುರ್ಪಿಯಿಂದ ಎಬ್ಬಿಸಿದ್ದ ಮಣ್ಣನ್ನು ಹೊನ್ನಿಯ ಬುಡಕ್ಕೆ ಎಳೆದು ಒತ್ತಿದಳು.

"ಇನ್ಯಾಕೆ ಕೂತಿದೀರೇ?" ಎಂದು ಉಳಿದವರನ್ನು ಗದರಿದಳು. "ದುಂಬಿಗೆ ಒಂದು ಹೂವಿನ ಊಟ ಎಷ್ಟು ದಿನಕ್ಕೆ ಬಂದೀತು? ಏಳಿ."

ಗೀರಿ ಎದ್ದಳು. ನೀಲವ್ವ ಎದ್ದಳು. ಬೆಳ್ಳವ್ವ ಎದ್ದಳು. ಎಲ್ಲರೂ ಒಟ್ಟಿಗೆ ಏಳಲಿಲ್ಲ, ಒಬ್ಬಳ ಹಿಂದೆ ಒಬ್ಬಳು ಎದ್ದರು. ಹಾಗೆ ಎದ್ದರೆ ಊಟ ಹೆಚ್ಚು ದಿನ ನಡೆಯುತ್ತದೆ. ಅವರು ಬಾಡುವ ಹೊತ್ತಿಗೆ ತೋಟದ ಮರಗಳು ಹೂ ಬಿಟ್ಟವು, ದುಂಬಿಯ ಮಕ್ಕಳು ಹುಟ್ಟಿದವು. ಬೇಸಿಗೆ ಬಂದು ಹೋಯಿತು. ಮರಗಳು ಎಲೆ ಉದುರಿಸಿ, ಎಲ್ಲ ಹೂಗಳ ಸರದಿ ಮುಗಿದು, ಮತ್ತೆ ಚಳಿ ಬರುತ್ತಿದೆ ಎನ್ನುವಾಗ ಕೇಸರಿ ಮೆಲ್ಲಗೆ ಹೊಸಿಲು ದಾಟಿದಳು. ಅವಳ ಹೊಟ್ಟೆಯೊಳಗಿನ ಎಳೆಗಳು ಕೆಂಪಗಾಗಿದ್ದವು, ತೋಟವೆಲ್ಲ ವಾಸನೆ ಹರಡಿತು.

ಅದಕ್ಕೇ ಇವತ್ತಿಗೂ ಹಿಮದ ನಾಡಿನ ತೋಟಗಳಲ್ಲಿ ಪುಟ್ಟ ಹಳದಿ ಕ್ರೋಕಸ್ ಹಿಮ ಕರಗುವ ಮೊದಲೇ ನೆಲಕ್ಕೆ ಅಂಟಿಕೊಂಡು ಅರಳುತ್ತದೆ, ಮೋಡ ಬಂದರೆ ಮುಚ್ಚಿಕೊಳ್ಳುತ್ತದೆ, ಅದರ ಹಿಂದೆ ಗೆರೆಯವು, ನೇರಳೆಯವು, ಬಿಳಿಯವು ಬರುತ್ತವೆ, ಕೇಸರಿ ಮಾತ್ರ ಎಲ್ಲರ ಕೊನೆಗೆ ಬರುತ್ತದೆ. ಮತ್ತು ನಿನ್ನ ಲೋಟದ ಬಿಸಿ ಹಾಲಿಗೆ ಅಮ್ಮ ಕೇಸರಿಯ ಎಳೆ ಹಾಕಿದಾಗ ಅದು ಕೂಡಲೇ ಬಣ್ಣ ಬಿಡದೆ ಹಾಗೇ ತೇಲುತ್ತಾ ನಿನ್ನನ್ನು ಕಾಯಿಸುವುದೂ ಅದಕ್ಕೇ.